ಹದಿನೇಳು ಸಾವಿರದ ಗಿಟಾರಿಗೆ ಹದಿಮೂರು ಸಾವಿರದ ಸಿಂಗಾರ

ಅಗ್ಗದ ಎಲೆಕ್ಟ್ರಿಕ್ ಗಿಟಾರಿಗೆ ಒಳ್ಳೆಯ ಬಿಡಿಭಾಗಗಳನ್ನು ಹಾಕಿದರೆ ಅದು ಲಕ್ಷ ಬೆಲೆಯದ್ದಕ್ಕೆ ಸಾಟಿಯಾಗುತ್ತದೆಯೇ? ನಾದದ ಮಟ್ಟಿಗೆ ಬಹುಪಾಲು ಆಗುತ್ತದೆ. ತಕರಾರು ಇರುವುದು ನಾವು ದುಡ್ಡು ಸುರಿಯುವ ಜಾಗದ ಬಗ್ಗೆ.

ನಾನು ಬದಿಯಡ್ಕದ ಕಡೆಯವನು. ಮದುವೆ, ಶಾಲಾ ವಾರ್ಷಿಕೋತ್ಸವ, ಜಾತ್ರೆಯ ರಸಮಂಜರಿ ಎಂದು ಉಪ್ಪಳದಿಂದ ಸುಳ್ಯದವರೆಗೆ ಸುತ್ತುವ ತಂಡವೊಂದರಲ್ಲಿ ನುಡಿಸುತ್ತೇನೆ. ನನ್ನದು ಫೆಂಡರ್ ಕಂಪನಿಯ ಪ್ರಸಿದ್ಧ ಸ್ಟ್ರಾಟೋಕಾಸ್ಟರ್ ಮಾದರಿಯ ಆಕಾರವನ್ನು ಅನುಸರಿಸಿದ ಗಿಟಾರ್, 17,000 ರೂಪಾಯಿಯದ್ದು. ಅದನ್ನು ಮಾಡಿದ ಕಂಪನಿಯ ಹೆಸರು ಬೇಡ. ತಂದ ದಿನ ಫ್ರೆಟ್‌ಗಳ (ಬೆರಳುಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಅಂಚು ಬೆರಳನ್ನು ಗೀರುತ್ತಿತ್ತು. ನಟ್‌ನ (ಗಿಟಾರಿನ ತಲೆಯ ಬುಡದಲ್ಲಿ ತಂತಿಗಳನ್ನು ಹೊರುವ ಪಟ್ಟಿಯ) ಕಚ್ಚುಗಳು ಆಳ ಸಾಲದೆ ತಂತಿ ಎತ್ತರದಲ್ಲಿ ನಿಂತಿದ್ದುದರಿಂದ ಮೊದಲ ಫ್ರೆಟ್‌ನಲ್ಲಿ ಒತ್ತಿದರೆ ಸಾಕು, ಸ್ವರ ಮೇಲಕ್ಕೆ ಜಾರುತ್ತಿತ್ತು. ಇದಕ್ಕೆ ಹಂತಹಂತವಾಗಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗೆ 5,500, ದನಿ ಏರಿಳಿಸುವ ಪೊಟೆನ್ಷಿಯೋಮೀಟರ್, ಸ್ವಿಚ್, ಜಾಕ್‌ಗೆ 1,800, ತಂತಿ ಬಿಗಿದು ಶ್ರುತಿ ಕೂಡಿಸುವ, ಲಾಕ್ ಆಗುವ ಟ್ಯೂನರ್‌ಗಳಿಗೆ 2,700, ಮೂಳೆಯ ನಟ್ ಮತ್ತು ಫ್ರೆಟ್ ಕೆಲಸಕ್ಕೆ 3,000 ಖರ್ಚು ಮಾಡಿದೆ.

ಹೋಲಿಕೆಗೆ ಅವಕಾಶ ತಾನಾಗಿ ಒದಗಿತು. ಶಾರ್ಜಾದಲ್ಲಿರುವ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಮಳೆಗಾಲದ ರಜೆಗೆ ಬರುವಾಗ ಫೆಂಡರ್ ಅಮೆರಿಕನ್ ಪ್ರೊಫೆಷನಲ್ 2 ಸ್ಟ್ರಾಟೋಕಾಸ್ಟರನ್ನು ಜೊತೆಗೆ ತಂದಿದ್ದ. ಬೆಲೆ ಒಂದೂವರೆ ಲಕ್ಷ ದಾಟುತ್ತದೆ. ಎರಡಕ್ಕೂ ಒಂದೇ ದಪ್ಪದ ಹೊಸ ತಂತಿ ಹಾಕಿ, ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಅತ್ತಿಗೆಯನ್ನು ಜಗಲಿಯಲ್ಲಿ ಕೂರಿಸಿ ಒಳಗಿನಿಂದ ನುಡಿಸಿದೆವು. ಅತ್ತಿಗೆ ಮಕ್ಕಳಿಗೆ ಕರ್ನಾಟಕ ಸಂಗೀತ ಪಾಠ ಹೇಳುವವಳು. ಗಿಟಾರಿನ ಬೆಲೆಯ ಬಗ್ಗೆ ಅವಳಿಗೆ ಯಾವ ಭಕ್ತಿಯೂ ಇಲ್ಲ.

ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಏರಿಸಿದಾಗ ಯಾವುದು ಯಾವುದೆಂದು ಹೇಳಲು ಅವಳಿಗೆ ಆಗಲೇ ಇಲ್ಲ. ಶುದ್ಧ ನಾದದಲ್ಲಿ ನುಡಿಸಿದಾಗ ನನ್ನದನ್ನೇ "ಇದು ಹೆಚ್ಚು ಬಿಚ್ಚಿಕೊಂಡಿದೆ" ಎಂದಳು. ನಾನು ಮೀಸೆ ತಿರುವುವಷ್ಟರಲ್ಲಿ, "ಆದರೆ ತಾರಕ್ಕೆ ಹೋದಂತೆ ಶ್ರುತಿ ಒಂದು ಕೂದಲೆಳೆ ಏರುತ್ತದೆ" ಎಂದು ಸೇರಿಸಿದಳು. ನೋಡಿದರೆ ಮೂರನೆಯ ತಂತಿಯ ಸ್ಯಾಡಲ್ (ಗಿಟಾರಿನ ಮೈಮೇಲೆ ತಂತಿಯನ್ನು ಹೊರುವ ತುಣುಕು) ಮುಂದಿತ್ತು. ಸ್ಕ್ರೂಡ್ರೈವರ್ ಹಿಡಿದು ತುಸು ಹಿಂದಕ್ಕೆ ಎಳೆದು, ಬಿಟ್ಟ ತಂತಿಯ ಸ್ವರಕ್ಕೂ 12ನೆಯ ಫ್ರೆಟ್‌ನ ಸ್ವರಕ್ಕೂ ತಾಳೆ ನೋಡಿದರೆ ಮುಗಿಯಿತು. ಚಿಕ್ಕಾಸಿನ ಖರ್ಚಿಲ್ಲದ ಕೆಲಸ. ಸಾವಿರಾರು ರೂಪಾಯಿಯ ಪಿಕಪ್ ಹುಡುಕುವವರಲ್ಲಿ ಎಷ್ಟೋ ಮಂದಿ ಇದನ್ನು ಮುಟ್ಟಿಯೇ ಇರುವುದಿಲ್ಲ.

ನಾದ ಹೀಗೆ ಸರಿಸಮ ಬರುವುದರಲ್ಲಿ ಅಚ್ಚರಿಯೇನಿಲ್ಲ. ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ಮೇಲಿರುವ ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಡ್ಡಿಗಳ ಅಡಿಗೆ ಸೆರಾಮಿಕ್ ಅಯಸ್ಕಾಂತ ಅಂಟಿಸಿರುತ್ತಾರೆ. ದುಬಾರಿಯವುಗಳಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಅಲ್ನಿಕೋ ಕಡ್ಡಿಗಳು. ಅದು ಅಂಗಡಿಯಲ್ಲಿ ಸಿಗುವ ವಸ್ತು, ಕೊಂಡು ಹಾಕಿದರೆ ಬಂತು. ಮದುವೆ ಮಂಟಪದ ಸೀರಿಯಲ್ ಲೈಟುಗಳ ಪಕ್ಕದಲ್ಲಿ ನಿಂತರೆ ಎರಡು ಗಿಟಾರ್‌ಗಳೂ ಒಂದೇ ರೀತಿ ಗುಂಯ್‌ಗುಡುತ್ತವೆ, ಅದಂತೂ ಪೂರ್ಣ ಸಮಾನತೆ.

ಕೈಗೆ ತೆಗೆದುಕೊಂಡಾಗ ಮಾತ್ರ ಲೆಕ್ಕ ಬೇರೆ. ಅಣ್ಣನ ಗಿಟಾರಿನ ಬೆರಳುಹಲಗೆಯ ಅಂಚನ್ನು ಉಜ್ಜಿ ದುಂಡಾಗಿಸಿದ್ದಾರೆ. 22 ಫ್ರೆಟ್‌ಗಳಲ್ಲಿ ಒಂದೂ ಅಂಗೈಗೆ ತಾಗುವುದಿಲ್ಲ. ಆ ಬೆಲೆಯಲ್ಲಿ ಒಂದು ಪಾಲು ಮನುಷ್ಯನ ಕೈ ಕೆಲಸದ ಕೂಲಿ. ಅದು ಪೊಟ್ಟಣದಲ್ಲಿ ಬರುವುದಿಲ್ಲ, ಯಾರಾದರೂ ಕೂತು ಮಾಡಬೇಕು.

ನನ್ನದನ್ನು ಮಂಗಳೂರಿನ ಹಿರಿಯರೊಬ್ಬರು ಕೂತು ಮಾಡಿಕೊಟ್ಟರು. ಮೊದಲು ಗಿಟಾರಿನ ಕತ್ತಿನೊಳಗಿನ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಿ ನೆಕ್ಕನ್ನು (ಆ ಕತ್ತನ್ನು) ನೇರ ಮಾಡಿದರು. ಪ್ರತಿ ಫ್ರೆಟ್‌ನ ನೆತ್ತಿಗೆ ನೀಲಿ ಮಾರ್ಕರ್ ಬಳಿದು, ಉದ್ದದ ಸಮಪಟ್ಟಿಗೆ ಉಪ್ಪುಕಾಗದ ಅಂಟಿಸಿ ಹಗುರವಾಗಿ ಎಳೆದರು. ಎತ್ತರದ ಫ್ರೆಟ್‌ಗಳ ನೀಲಿ ಅಳಿಸಿತು, ತಗ್ಗಿದ್ದವುಗಳದ್ದು ಹಾಗೇ ಉಳಿಯಿತು. ಎಲ್ಲದರ ನೀಲಿಯೂ ಹೋಗುವವರೆಗೆ ಎಳೆದು, ಚಪ್ಪಟೆಯಾದ ನೆತ್ತಿಗಳನ್ನು ಅರದಿಂದ ಮತ್ತೆ ದುಂಡಾಗಿಸಿ, ಕೊನೆಗೆ ಅಂಚುಗಳನ್ನು ಒಂದೊಂದಾಗಿ ಸವರಿದರು. ಈ 3,000 ರೂಪಾಯಿಯ ಮುಂದೆ ಉಳಿದ 10,000 ನನಗೆ ಅಲಂಕಾರದಂತೆ ಕಾಣುತ್ತದೆ.

ಬಿಡಿಭಾಗ ಹಾಕುವವರು ಅಳತೆ ನೋಡದೆ ಹಣ ಕಳುಹಿಸಬಾರದು. ಅಮೆರಿಕದ ಪೊಟೆನ್ಷಿಯೋಮೀಟರ್‌ಗಳ ಕುತ್ತಿಗೆ 3/8 ಇಂಚು, ಏಷ್ಯಾದ ಅಗ್ಗದ ಗಿಟಾರ್‌ಗಳ ರಂಧ್ರ ಹಲವು ಬಾರಿ ಅದಕ್ಕಿಂತ ಕಿರಿದು. ದುಂಡನೆಯ ಅರ ಹಿಡಿದು ಅಗಲಿಸಬೇಕಾಗುತ್ತದೆ. ಸ್ಯಾಡಲ್‌ಗಳು ಕೂರುವ ಲೋಹದ ಭಾಗವಾದ ಬ್ರಿಡ್ಜ್‌ನಲ್ಲಿ ಮೊದಲ ತಂತಿಯಿಂದ ಆರನೆಯದಕ್ಕೆ ಅಂತರ ಹಳೆಯ ಫೆಂಡರ್ ಪದ್ಧತಿಯಲ್ಲಿ ಸುಮಾರು 56 ಮಿ.ಮೀ., ಅಗ್ಗದ ಬಹಳಷ್ಟರಲ್ಲಿ 52.5 ಮಿ.ಮೀ. ಮೈ ತೆಳುವಾಗಿದ್ದರೆ ಬ್ರಿಡ್ಜ್‌ನ ಅಡಿಗೆ ಬರುವ ಪೂರ್ಣ ಗಾತ್ರದ ಉಕ್ಕಿನ ಬ್ಲಾಕ್ ಹಿಂಬದಿಯಿಂದ ಹೊರಗೆ ಇಣುಕುತ್ತದೆ.

ಮರದ ಬಗ್ಗೆ ಕೇಳುವವರೂ ಇದ್ದಾರೆ. ಫೆಂಡರ್‌ನದ್ದೇ ಕಡಿಮೆ ಬೆಲೆಯ ಬ್ರ್ಯಾಂಡ್ ಆದ ಸ್ಕ್ವಯರ್‌ನ ಅಗ್ಗದ ಕೆಲವು ಮಾದರಿಗಳ ಬೆರಳುಹಲಗೆ ಇಂಡಿಯನ್ ಲಾರೆಲ್, ಅಂದರೆ ನಮ್ಮ ಕಾಡಿನ ಮತ್ತಿ ಮರ. ಬೀಟೆ ಅಲ್ಲವೆಂದು ಮೂಗು ಮುರಿಯುವವರು ಮುರಿಯಲಿ, ನನಗೆ ಅದರ ಮೇಲೆ ದೂರಿಲ್ಲ. ಶಾರ್ಜಾದ ಎ.ಸಿ. ಕೋಣೆಯಿಂದ ಸೀದಾ ನಮ್ಮ ಆಟಿ ತಿಂಗಳ ತೇವಕ್ಕೆ ಬಂದ ಅಣ್ಣನ ಗಿಟಾರಿನ ನೆಕ್ ಕೂಡ ಬಾಗಿತು. ಒಂದೂವರೆ ಲಕ್ಷಕ್ಕೆ ಮಳೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು, ನನ್ನದರಂತೆಯೇ.

ಹಾಗಾದರೆ ಕೊಳ್ಳುವುದೇನು? ಗಿಟಾರ್ ಈಗಾಗಲೇ ಕೈಯಲ್ಲಿದ್ದರೆ ಫ್ರೆಟ್, ನಟ್, ಸ್ಯಾಡಲ್ ಸರಿಮಾಡಿಸಿ ಆರು ತಿಂಗಳು ನುಡಿಸಿ, ಪಿಕಪ್ ಆಸೆ ಆಮೇಲೂ ಉಳಿದಿದ್ದರೆ ನೋಡೋಣ. ಇನ್ನೂ ಕೊಂಡಿಲ್ಲವಾದರೆ ನನ್ನ ದಾರಿ ಹಿಡಿಯಬೇಡಿ ಎನ್ನುತ್ತೇನೆ. ನಾನು ಒಟ್ಟು ಹಾಕಿದ 30,000ದ ಆಸುಪಾಸಿನಲ್ಲೇ ಯಮಹಾ ಪೆಸಿಫಿಕಾ 112ವಿಯಂತಹದನ್ನು ವಿಚಾರಿಸಿ: ಆಲ್ಡರ್ ಮರದ ಮೈ, ಅಲ್ನಿಕೋ ಪಿಕಪ್ ಪೆಟ್ಟಿಗೆಯಲ್ಲೇ ಬರುತ್ತವೆ. ನಿಜವಾದ ಪೈಪೋಟಿ ಇದರ ಜೊತೆಗೆ, ಅಣ್ಣನ ಫೆಂಡರ್ ಜೊತೆಗಲ್ಲ. ಮಾರುವಾಗಲೂ ಹೆಸರಿದ್ದದ್ದಕ್ಕೆ ಗಿರಾಕಿ ಸಿಗುತ್ತಾನೆ, ನಾವು ಹಾಕಿದ ಬಿಡಿಭಾಗಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಅದಕ್ಕೇ ಕಳಚಿದ ಹಳೆಯ ಪಿಕಪ್, ಟ್ಯೂನರ್‌ಗಳನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಾರುವುದಾದರೆ ಅವನ್ನೇ ಮರಳಿ ಬೆಸೆದು ಕೊಟ್ಟು, ಒಳ್ಳೆಯವನ್ನು ಮುಂದಿನ ಗಿಟಾರಿಗೆ ಉಳಿಸಿಕೊಳ್ಳುತ್ತೇನೆ.