ಗೋವಾಗೆ ಪೋಕರ್ ಆಡಲು ಹೊರಟಿದ್ದೀರಾ? ರೂಮ್ ಸೇರಿಸಿ ಕೊಡುವ ‘ಕ್ಯಾಸಿನೊ ಪ್ಯಾಕೇಜ್’ಗೆ ದುಡ್ಡು ಹಾಕಬೇಡಿ

ಮೊದಲ ಸಲ ಗೋವಾದ ಕ್ಯಾಸಿನೊದಲ್ಲಿ ಪೋಕರ್ ಆಡಲು ಹೊರಟವರು ರೂಮ್ ಬುಕ್ ಮಾಡುವ ಮೊದಲು ದಯವಿಟ್ಟು ಇದನ್ನು ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೂ ಓದಿ. ಬೆಂಗಳೂರಿಗೆ ವಾಪಸ್ ಬಂದರೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಸ್ವಲ್ಪ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತಲ್ಲ, ಆಮೇಲೆ ಆಪ್‌ಗಳಲ್ಲಿ ದುಡ್ಡು ಹಾಕಿ ಪೋಕರ್ ಆಡುವುದು ಬಂದ್ ಆಯಿತು. ನಮ್ಮ ಗುಂಪಿನವರೆಲ್ಲ ಆಪ್‌ನಲ್ಲೇ ಕಲಿತವರು. ನಿಜವಾದ ಟೇಬಲ್, ಕೈಯಲ್ಲಿ ಚಿಪ್ಸ್ (ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ), ಎದುರಿಗೆ ಮನುಷ್ಯರು. ಒಮ್ಮೆಯಾದರೂ ಹಾಗೆ ಕೂತು ಆಡಬೇಕು ಅಂತ ಎಲ್ಲರಿಗೂ ಆಸೆ ಇತ್ತು. ಅದಕ್ಕೆ ನಮಗೆ ಹತ್ತಿರ ಅಂದರೆ ಗೋವಾನೇ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಪಣಜಿಯ ಕದಂಬ ಬಸ್ ಸ್ಟ್ಯಾಂಡ್. ರೂಮ್ ನೋಡುವ ಜವಾಬ್ದಾರಿ ನನಗೆ ಬಿತ್ತು.

ಪರಿಚಯದವರೊಬ್ಬರು ಏಜೆಂಟ್ ನಂಬರ್ ಕೊಟ್ಟರು. ರೂಮ್ ಮತ್ತು ಕ್ಯಾಸಿನೊ ಎಂಟ್ರಿ ಎರಡನ್ನೂ ಸೇರಿಸಿ ಪ್ಯಾಕೇಜ್ ಮಾಡಿಕೊಡುತ್ತಾನಂತೆ. ಹುಬ್ಬಳ್ಳಿ ಕಡೆಯವನು, ಈಗ ಗೋವಾದಲ್ಲೇ ಇರುವುದು. ಫೋನ್ ಎತ್ತಿದ ತಕ್ಷಣ ಕನ್ನಡ. "ನೀವ ಸುಮ್ನ ಬರ್ರಿ ಸರ, ಉಳಿದದ್ದೆಲ್ಲಾ ನನಗ ಬಿಡ್ರಿ. ನಮ್ಮ ಮಂದಿಗೇ ಮೋಸ ಮಾಡ್ತೀನೇನ್ರಿ?" ಬೇರೆ ರಾಜ್ಯದಲ್ಲಿ ಒಬ್ಬ ನಮ್ಮ ಭಾಷೆ ಮಾತಾಡಿದರೆ ನಂಬಿಕೆ ಬರುತ್ತದೆ ಅಲ್ವಾ? ಅವನ ಬಂಡವಾಳವೇ ಅದು.

ನಾನು ಸ್ಪಷ್ಟವಾಗಿ ಕೇಳಿದ್ದೆ. ಚಾಟ್ ಈಗಲೂ ನನ್ನ ಹತ್ತಿರ ಇದೆ. ಕ್ಯಾಸಿನೊದಿಂದ ರೂಮಿಗೆ ನಡೆದು ಬರುವ ಹಾಗಿರಬೇಕು ಅಂದೆ. ನಾವು ಪೋಕರ್ ಆಡುವವರು, ಬೆಳಗಿನ ಜಾವ ಬಂದು ಮಲಗುತ್ತೇವೆ, ಚೆಕ್ ಔಟ್ ಮಧ್ಯಾಹ್ನದ ಮೇಲೆ ಕೊಡಬೇಕು ಅಂದೆ. ಪ್ಯಾಕೇಜ್‌ನಲ್ಲಿ ಕೊಡುವ ಚಿಪ್ಸ್ ಪೋಕರ್ ಟೇಬಲ್‌ಗೆ ನಡೆಯುತ್ತಾ ಅಂತಲೂ ಕೇಳಿದೆ. ಎಲ್ಲದಕ್ಕೂ ಒಂದೇ ಉತ್ತರ. "ಆಗ್ತದ್ರಿ ಸರ."

ಜೊತೆಗೆ ಒಂದು ಫೋಟೋ ಕಳಿಸಿದ. ರೂಮಿನ ಬಾಲ್ಕನಿಯಿಂದ ರಾತ್ರಿ ಹೊತ್ತು ತೆಗೆದದ್ದು. ಕಬ್ಬಿಣದ ಕಂಬಿ, ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರಾಚೆ ಝಗಮಗ ಅನ್ನುವ ಕ್ಯಾಸಿನೊ ಹಡಗುಗಳು. ಹಡಗಿನ ಮೇಲಿನ ಬೋರ್ಡ್ ಕೂಡ ಓದಬಹುದಿತ್ತು, ಅಷ್ಟು ಸ್ಪಷ್ಟ. "ಹೋಟೆಲ್ ಎದುರಿಗೇ ಕ್ಯಾಸಿನೊ ಐತ್ರಿ ಸರ" ಅಂತ ಬರೆದಿದ್ದ. ನಾನು ಅದನ್ನು ಸ್ನೇಹಿತರಿಗೆಲ್ಲ ಕಳಿಸಿದೆ. ಎಲ್ಲರೂ ಖುಷಿ. ಸೀಜನ್, ಸಂಜೆಯೊಳಗೆ ರೂಮ್ ಹೋಗುತ್ತವೆ ಅಂತ ಅವಸರ ಮಾಡಿ, ಅವನ ಸ್ವಂತ ನಂಬರ್‌ಗೇ ಯುಪಿಐನಲ್ಲಿ 36,000 ರೂಪಾಯಿ ಹಾಕಿಸಿಕೊಂಡ. ಪೂರ್ತಿ ದುಡ್ಡು. ಎಲ್ಲ ಸೇರಿ ಅಂತ.

ಹೋಟೆಲ್ ಹೆಸರು ಕೇಳಿದರೆ "ಮುಟ್ಟಿದ ಮ್ಯಾಲ ಲೊಕೇಶನ್ ಹಾಕ್ತೀನ್ರಿ" ಅನ್ನುತ್ತಿದ್ದ. ಪಣಜಿಯಲ್ಲಿ ಬಸ್ ಇಳಿದು ಫೋನ್ ಮಾಡಿದ ಮೇಲೆಯೇ ಲೊಕೇಶನ್ ಬಂತು. ಟ್ಯಾಕ್ಸಿ ಮಾಡಿದೆವು. ಟ್ಯಾಕ್ಸಿ ಸೀದಾ ಹೋಗಿ ಮಾಂಡೋವಿ ಸೇತುವೆ ಹತ್ತಿತು. ಕ್ಯಾಸಿನೊ ಇರುವುದು ಪಣಜಿ ಕಡೆ ಅಲ್ವಾ ಅಂತ ಡ್ರೈವರ್‌ನನ್ನು ಕೇಳಿದೆ. ಹೌದು, ಆದರೆ ನಿಮ್ಮ ಹೋಟೆಲ್ ಇರುವುದು ಬೆತಿಂನಲ್ಲಿ ಅಂದ. ಬೆತಿಂ ಅಂದರೆ ನದಿಯ ಆಚೆ ದಡ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ಯಾಸಿನೊ ಹಡಗುಗಳು ನಿಂತಿರುವುದು ಮಾಂಡೋವಿ ನದಿಯಲ್ಲಿ. ಅವುಗಳಿಗೆ ಬೋಟ್ ಹತ್ತಬೇಕಾದ ಜೆಟ್ಟಿಗಳು ಇರುವುದು ಪಣಜಿ ದಡದಲ್ಲಿ, ದಯಾನಂದ ಬಾಂದೋಡ್ಕರ್ ರಸ್ತೆಯ ಉದ್ದಕ್ಕೆ. ಎದುರು ದಡದಲ್ಲಿ ನಿಂತರೆ ಹಡಗು ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತಬೇಕು ಅಂದರೆ ಸೇತುವೆ ಸುತ್ತಿಕೊಂಡು ಪಣಜಿಗೇ ಬರಬೇಕು.

ರೂಮಿನ ಬಾಗಿಲು ತೆಗೆದು ನೇರ ಬಾಲ್ಕನಿಗೆ ಹೋದೆ. ಅದೇ ಕಂಬಿ. ಅದೇ ಕೆಂಪು ಕುರ್ಚಿ, ಒಂದು ಕಾಲು ಮುರಿದಿತ್ತು, ಫೋಟೋದಲ್ಲಿ ಅದು ಕಂಡಿರಲಿಲ್ಲ. ಮುಂದೆ ಹಡಗುಗಳು. ನಡುವೆ ಇಡೀ ನದಿ. ರಾತ್ರಿ ಫೋಟೋದಲ್ಲಿ ನೀರೆಲ್ಲ ಕಪ್ಪಾಗಿ, ಹಡಗಿನ ದೀಪ ಮಾತ್ರ ಎದ್ದು ಕಾಣುವ ಹಾಗೆ ಝೂಮ್ ಮಾಡಿ ತೆಗೆದಿದ್ದ. ಸ್ನೇಹಿತರು ಹಿಂದೆಯೇ ಬಂದು ನಿಂತರು. ಯಾರೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ.

"ಎದುರಿಗೆ ಅಂತ ಹೇಳಿದ್ದೆ, ಎದುರಿಗೇ ಐತಿ. ಫೋಟೋದಾಗ ಇದ್ದದ್ದು ಅಲ್ಲಿ ಐತೋ ಇಲ್ಲೋ ಹೇಳ್ರಿ?"

ನಡೆದು ಹೋಗುವ ದೂರ ಅಂದಿದ್ದೆಯಲ್ಲಪ್ಪಾ ಅಂದರೆ, "ಫೆರಿ ಐತ್ರಿ ಸರ. ನಡಕೊಂಡ ಹೋಗಿ ಫೆರಿ ಹತ್ರಿ, ಫ್ರೀ ಐತಿ, ಐದ ನಿಮಿಷದಾಗ ಪಣಜಿ."

ಫೆರಿ ಇರುವುದು ನಿಜ. ನಡೆದು ಹತ್ತುವವರಿಗೆ ಫ್ರೀ ಅನ್ನುವುದೂ ನಿಜ. ಸಂಜೆ ಹೋಗುವಾಗ ಫೆರಿಯಲ್ಲೇ ಹೋದೆವು. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಫೆರಿ ಎಲ್ಲಿಂದ ಬರಬೇಕು? ಇಲ್ಲೇ ಇರುವುದು ವಿಷಯ. ಸುಮ್ನೆ ಕ್ಯಾಸಿನೊ ನೋಡಲು ಬರುವವರು ಊಟ ಮಾಡಿ, ಡ್ಯಾನ್ಸ್ ನೋಡಿ, ರೂಲೆಟ್‌ನಲ್ಲಿ ಒಂದಿಷ್ಟು ಕಳೆದು ಹೊರಟು ಬಿಡುತ್ತಾರೆ. ಅವರಿಗೆ ರೂಮ್ ಎಲ್ಲಿದ್ದರೂ ನಡೆಯುತ್ತದೆ. ಪೋಕರ್ ಆಡುವವರ ರಾತ್ರಿ ಹಾಗಿರುವುದಿಲ್ಲ. ಟೂರ್ನಮೆಂಟ್‌ನಲ್ಲಿ ಚಿಪ್ಸ್ ಇರುವವರೆಗೆ ಎದ್ದು ಬರಲು ಆಗಲ್ಲ. ಕ್ಯಾಶ್ ಟೇಬಲ್, ಅಂದರೆ ನೇರ ದುಡ್ಡಿನ ಆಟ, ರಂಗೇರುವುದೇ ನಡುರಾತ್ರಿ ದಾಟಿದ ಮೇಲೆ. ನಾವು ಏಳುವ ಹೊತ್ತಿಗೆ ಊರೆಲ್ಲ ಮಲಗಿರುತ್ತದೆ. ಇದನ್ನೆಲ್ಲ ಅವನಿಗೆ ಮೊದಲೇ ಹೇಳಿದ್ದೆ. ಹೇಳಿಯೇ ದುಡ್ಡು ಹಾಕಿದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಎಂಟ್ರಿ ಕೂಪನ್ ಕಳಿಸು ಅಂದರೆ ಹೊಸ ರಾಗ. ಕ್ಯಾಸಿನೊಗೆ ಈಗ ಜಿಎಸ್‌ಟಿ 40% ಆಗಿದೆ, ಪ್ಯಾಕೇಜಿನ ಮೇಲೆ 40% ಬಾಕಿ ಹಾಕಿ ಅಂತ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ತೆರಿಗೆ 28ರಿಂದ 40 ಆದದ್ದು ನಿಜ. ಆದರೆ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ಅದೇ ದಿನದಿಂದ 12ರಿಂದ 5% ಆಯಿತು. ರೂಮಿನ ದುಡ್ಡಿಗೂ 40% ಯಾವ ಲೆಕ್ಕ? ಎಲ್ಲ ಸೇರಿ ಅಂತ ದುಡ್ಡು ತೆಗೆದುಕೊಂಡ ಮೇಲೆ ಮತ್ತೆ ತೆರಿಗೆ ಯಾವುದು? ಕೇಳಿದೆ. "ಗೌರ್ಮೆಂಟ್ ರೂಲ್ ರೀ ಸರ, ನಾ ಏನ ಮಾಡ್ಲಿ" ಅಂದ. ಹಾಕುವವರೆಗೆ ಕೂಪನ್ ಕಳಿಸಲಿಲ್ಲ. ಸಂಜೆ ಆಗುತ್ತಾ ಬಂತು, ಟೂರ್ನಮೆಂಟ್ ಶುರು ಆಗುವ ಹೊತ್ತು. ಜಗಳ ಮಾಡಿ ಮಾಡಿ ಕೊನೆಗೆ 7,000ಕ್ಕೆ ಇಳಿಸಿ ಹಾಕಿದೆವು. ಆಮೇಲೆ ಕೂಪನ್ ಬಂತು.

ಆ ಕೂಪನ್ ಹಿಡಿದು ಹಡಗಿಗೆ ಹೋಗಿ ಪೋಕರ್ ರೂಮ್ ಕೌಂಟರ್‌ನಲ್ಲಿ ಕೊಟ್ಟರೆ ಅಲ್ಲಿದ್ದ ಹುಡುಗಿ ನಯವಾಗಿ ವಾಪಸ್ ಕೊಟ್ಟಳು. ಇದು ಒಂದೇ ಸಲ ಆಡುವ ಚಿಪ್ಸ್ ಸರ್, ಇದನ್ನು ದುಡ್ಡು ಮಾಡಿಕೊಳ್ಳಲು ಬರಲ್ಲ, ಆ ಕಡೆಯ ಟೇಬಲ್‌ಗಳಿಗೆ ಮಾತ್ರ, ಪೋಕರ್‌ಗೆ ಕ್ಯಾಶ್ ಕೊಟ್ಟು ಬೈ-ಇನ್ ಮಾಡಬೇಕು, ಅಂದರೆ ದುಡ್ಡು ಕಟ್ಟಿಯೇ ಆಟಕ್ಕೆ ಕೂರಬೇಕು ಅಂದಳು. ಅವಳದ್ದೇನೂ ತಪ್ಪಿಲ್ಲ. ಪೋಕರ್‌ನಲ್ಲಿ ನಾವು ಆಡುವುದು ಬೇರೆ ಆಟಗಾರರ ಮೇಲೆ, ಕ್ಯಾಸಿನೊಗೆ ಸಿಗುವುದು ರೇಕ್ ಮಾತ್ರ, ಅಂದರೆ ಆಟದ ದುಡ್ಡಿನಲ್ಲಿ ಹಿಡಿದುಕೊಳ್ಳುವ ಸಣ್ಣ ಪಾಲು. ಅಲ್ಲಿ ಬಿಟ್ಟಿ ಚಿಪ್ಸ್ ಹೇಗೆ ನಡೆಯುತ್ತದೆ? ಅದಕ್ಕೇ ಅಲ್ವಾ ನಾನು ಮೊದಲೇ ಕೇಳಿದ್ದು? "ಪೋಕರ್‌ಗೂ ನಡೀತದ್ರಿ" ಅಂತ ಅವನು ಬರೆದದ್ದು ಚಾಟ್‌ನಲ್ಲಿ ಇದೆ. ಅದರ ಸ್ಕ್ರೀನ್‌ಶಾಟ್ ಕಳಿಸಿದೆ. ಬಂದ ಉತ್ತರ: "ಚಿಪ್ಸ್ ಅಂದ್ರ ಚಿಪ್ಸ್ ಅಲ್ರೀ ಸರ." ಹಿಂದೆಯೇ ಕೈ ಮುಗಿಯುವ ಎಮೋಜಿ.

ಆಟ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ದೂರಿಲ್ಲ. ಬೋಟ್ ಇಳಿದು ದಡಕ್ಕೆ ಬಂದಾಗ ನಾಲ್ಕು ದಾಟಿತ್ತು. ಗೋವಾದಲ್ಲಿ ಓಲಾ ಊಬರ್ ಇಲ್ಲ. ಗೋವಾ ಮೈಲ್ಸ್ ಆಪ್‌ನಲ್ಲಿ ನೋಡಿದರೆ ಗಾಡಿ ಸಿಗುತ್ತಿಲ್ಲ. ನಿಂತಿದ್ದ ಒಂದೇ ಟ್ಯಾಕ್ಸಿಯವನು 800 ಕೇಳಿದ. ಎದುರಿಗೆ ಕಾಣುವ ದಡಕ್ಕೆ 800! ನಮ್ಮಲ್ಲೊಬ್ಬ ಗೆದ್ದಿದ್ದ, ಜೇಬಿನಲ್ಲಿ ನೋಟಿನ ಕಟ್ಟು. ಅಷ್ಟು ದುಡ್ಡು ಇಟ್ಟುಕೊಂಡು ಆ ಹೊತ್ತಿನಲ್ಲಿ ಸೇತುವೆ ಮೇಲೆ ನಡೆಯಲು ಆಗುತ್ತಾ? ಕೊಟ್ಟೆವು. ಮರುದಿನ ರಾತ್ರಿಯೂ ಕೊಟ್ಟೆವು. ಸ್ಕೂಟರ್ ಬಾಡಿಗೆಗೆ ತಗೊಳ್ಳಿ ಅಂತ ಏಜೆಂಟ್ ಸಲಹೆ. ಪ್ಯಾಕೇಜಿನಲ್ಲಿ ಡ್ರಿಂಕ್ಸ್ ಸೇರಿಸಿ ಕೊಟ್ಟು, ಆಮೇಲೆ ಸ್ಕೂಟರ್ ಓಡಿಸಿ ಅನ್ನುತ್ತಾನೆ!

ಚೆಕ್ ಔಟ್ ಕಥೆ ಕೇಳಿ. ಬೆಳಿಗ್ಗೆ ಐದೂವರೆಗೆ ಮಲಗಿದವರನ್ನು ಒಂಬತ್ತೂವರೆಗೆ ಬಾಗಿಲು ಬಡಿದು ಎಬ್ಬಿಸಿದರು. ಹತ್ತಕ್ಕೆ ಖಾಲಿ ಮಾಡಿ, ಇಲ್ಲ ಅರ್ಧ ದಿನದ ಬಾಡಿಗೆ ಕೊಡಿ. ಏಜೆಂಟ್ ಒಪ್ಪಿದ್ದಾನೆ ಅಂದರೆ ರಿಸೆಪ್ಷನ್‌ನವನು, ನಮಗೆ ಯಾರೂ ಏನೂ ಹೇಳಿಲ್ಲ ಅಂದ. ಏಜೆಂಟ್‌ಗೆ ಮಾಡಿದರೆ "ಅದು ಹೋಟೆಲ್ ರೂಲ್ ರೀ, ನನ್ನ ಕೈಯಾಗ ಇಲ್ಲ." ಹೋಟೆಲ್‌ನವನು ಅವನನ್ನು ಕೇಳಿ ಅನ್ನುತ್ತಾನೆ, ಅವನು ಹೋಟೆಲ್‌ನವರನ್ನು ಕೇಳಿ ಅನ್ನುತ್ತಾನೆ. ನಿದ್ದೆಗಣ್ಣಲ್ಲಿ ನಾವು ಬ್ಯಾಗ್ ಹಿಡಿದು ನಿಂತಿದ್ದೆವು. ಬಿಲ್ ಕೊಡಿ ಅಂದರೆ, ನೀವು ದುಡ್ಡು ಕೊಟ್ಟಿರುವುದು ನಮಗಲ್ಲ, ಬಿಲ್ ಬರಲ್ಲ ಅಂದ.

ಬ್ಯಾಗ್ ಕೆಳಗೆ ತಂದುಕೊಟ್ಟ ರೂಮ್ ಬಾಯ್ ಗದಗ ಕಡೆಯ ಹುಡುಗ. ನಮ್ಮ ಕನ್ನಡ ಕೇಳಿ ಮೆಲ್ಲಗೆ ಹೇಳಿದ. "ಅಣ್ಣಾ, ಅಂವಾ ಒಂದ್ ರೂಮಿಗೆ ನಮ್ಮ ಮಾಲಕಗ ಕೊಡೂದು 1,800 ರೂಪಾಯಿ ಅಷ್ಟರೀ. ವಾರಕ್ಕೊಂದ್ ಮಂದಿ ಹಿಂಗ ಬೈಕೋತ ಹೋಗ್ತಾರ." ಇದನ್ನು ಕೇಳಿದಾಗ ಆದಷ್ಟು ಹೊಟ್ಟೆ ಉರಿ ಬಾಲ್ಕನಿಯಲ್ಲೂ ಆಗಿರಲಿಲ್ಲ. ಅಂದರೆ ಇದು ಅವನ ದಿನದ ಕಸುಬು. ಆ ಫೋಟೋ, ಆ ಮಾತು, ಆ ಕೂಪನ್ ತಡೆ ಹಿಡಿಯುವುದು, ಎಲ್ಲ ಮೊದಲೇ ಲೆಕ್ಕ ಹಾಕಿದ್ದು.

ಈಗ ಹೋಗುವವರಿಗೆ ನಾನು ಹೇಳುವುದು ಇಷ್ಟು. ರೂಮ್ ಬೇರೆ, ಕ್ಯಾಸಿನೊ ಎಂಟ್ರಿ ಬೇರೆ ಮಾಡಿ. ಎರಡನ್ನೂ ಒಬ್ಬನ ಕೈಗೆ ಕೊಟ್ಟರೆ ಒಂದನ್ನು ಹಿಡಿದುಕೊಂಡು ಇನ್ನೊಂದಕ್ಕೆ ಆಡಿಸುತ್ತಾನೆ. ಪಣಜಿ ದಡದಲ್ಲೇ ರೂಮ್ ಮಾಡಿ. ಕಾಂಪಾಲ್, 18 ಜೂನ್ ರಸ್ತೆ, ಚರ್ಚ್ ಸುತ್ತಮುತ್ತ, ಫಾಂಟೇನ್ಹಾಸ್, ಇಲ್ಲೆಲ್ಲ ಸಾಧಾರಣ ಹೋಟೆಲ್‌ಗಳೂ ಇವೆ. ರೂಮ್ ಚಿಕ್ಕದಾದರೂ ಪರವಾಗಿಲ್ಲ, ರಾತ್ರಿಯೆಲ್ಲ ನೀವು ಅಲ್ಲಿ ಇರುವುದೇ ಇಲ್ಲ. ಬೀಚ್ ಆಸೆಗೆ ಕಲಂಗೂಟ್, ಬಾಗಾದಲ್ಲಿ ಉಳಿದರೆ ಹದಿನೈದು ಕಿಲೋಮೀಟರ್ ಆಸುಪಾಸು ಆಗುತ್ತದೆ, ಟ್ಯಾಕ್ಸಿ ದುಡ್ಡಿನಲ್ಲೇ ಒಂದು ಬೈ-ಇನ್ ಹೋಗುತ್ತದೆ. ಹೋಟೆಲ್ ಹೆಸರು ಮತ್ತು ಲೊಕೇಶನ್ ಕೈಗೆ ಬರದೆ ಒಂದು ರೂಪಾಯಿಯೂ ಹಾಕಬೇಡಿ. ಹೋಟೆಲ್‌ಗೆ ನೀವೇ ಫೋನ್ ಮಾಡಿ, ಬೆಳಗಿನ ಜಾವ ಬಂದರೆ ಗೇಟ್ ತೆಗೆಯುತ್ತಾರಾ, ಚೆಕ್ ಔಟ್ ಎಷ್ಟಕ್ಕೆ, ತಡವಾದರೆ ಎಷ್ಟು, ಕೇಳಿ. ಸಾಧ್ಯವಾದರೆ ಅದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ದುಡ್ಡು ಹೋಟೆಲ್ ಖಾತೆಗೇ ಹಾಕಿ, ಜಿಎಸ್‌ಟಿ ಬಿಲ್ ಬಿಡಬೇಡಿ. ಪೋಕರ್‌ಗೆ ಪ್ಯಾಕೇಜ್ ಬೇಕಾ ಬೇಡವಾ ಅಂತ ಪೋಕರ್ ರೂಮಿನವರನ್ನೇ ಕೇಳಿ, ಏಜೆಂಟ್‌ನನ್ನಲ್ಲ. ಒರಿಜಿನಲ್ ಐಡಿ ಇರಲಿ, 21 ತುಂಬಿರಬೇಕು, ಚಡ್ಡಿ ಚಪ್ಪಲಿ ಹಾಕಿ ಹೋದರೆ ಬಾಗಿಲಲ್ಲೇ ನಿಲ್ಲಿಸಬಹುದು. ಕನ್ನಡ ಮಾತಾಡಿದ ಅಂತ ಮಾತ್ರ ಯಾರನ್ನೂ ನಂಬಬೇಡಿ. ಇದನ್ನು ಬರೆಯಲು ನನಗೆ ಬೇಜಾರಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಊರಿಗೆ ಬಂದ ಮೇಲೆ ದುಡ್ಡು ವಾಪಸ್ ಕೇಳಿದೆ. ಪೂರ್ತಿ ಅಲ್ಲ, ತೆರಿಗೆ ಅಂತ ಹಾಕಿಸಿಕೊಂಡ 7,000 ಮತ್ತು ನಡೆಯದ ಚಿಪ್ಸ್ ದುಡ್ಡು ಕೊಡು ಅಂದೆ. "ಉಳಕೊಂಡ್ರಿ, ಆಡಿದ್ರಿ, ಮಜಾ ಮಾಡಿದ್ರಿ, ಈಗ ರೊಕ್ಕ ಕೇಳ್ತೀರಲ್ರೀ" ಅಂತ ಬರೆದು ನನ್ನ ನಂಬರ್ ಬ್ಲಾಕ್ ಮಾಡಿದ. ಸ್ನೇಹಿತನ ನಂಬರ್‌ನಿಂದ ಕೇಳಿದರೆ ಅವನನ್ನೂ ಬ್ಲಾಕ್ ಮಾಡಿದ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಬಿಲ್ ಇಲ್ಲ, ಯುಪಿಐ ರಸೀದಿ ಮತ್ತು ಪೂರ್ತಿ ಚಾಟ್ ಕೊಟ್ಟಿದ್ದೇವೆ. ಇನ್ನೂ ಏನೂ ಆಗಿಲ್ಲ. ಬೆತಿಂ ಬಾಲ್ಕನಿಯ ಫೋಟೋ ತೋರಿಸಿ ನಿಮ್ಮ ಹತ್ತಿರವೂ ದುಡ್ಡು ತೆಗೆದುಕೊಂಡಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ, ನೀವೂ ದೂರು ಕೊಡಿ. ನಾವು ನಾಲ್ಕು ಜನ ಬೈದರೆ ಅವನು ಬ್ಲಾಕ್ ಮಾಡಿ ಮುಂದಿನ ಗಿರಾಕಿಗೆ ಫೋನ್ ಹಚ್ಚುತ್ತಾನೆ, ಅಷ್ಟೇ.