ಶಾಲೆಯ ತಮಾಷೆ ಪುಸ್ತಕಗಳು: ನಮ್ಮನೆ ಮಕ್ಕಳ ಬಾಯಿ ಬಿಡಿಸಿದ್ದು ಯಾವುದು?

"ಇವತ್ತು ಸ್ಕೂಲಲ್ಲಿ ಏನಾಯ್ತು?" ಅಂತ ಕೇಳಿದರೆ ಮಗಳ ಉತ್ತರ ದಿನಾ ಒಂದೇ: "ಏನಿಲ್ಲ." ಅವಳು ಒಂದನೇ ಕ್ಲಾಸು. ತಮ್ಮ ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದ. ಅವನದು ಮಾತೇ ಇಲ್ಲ, ಬೆಳಗ್ಗೆ ಎದ್ದರೆ ಅಳು. ಅದಕ್ಕೇ ಶಾಲೆಯ ಮೇಲಿನ ತಮಾಷೆ ಚಿತ್ರಪುಸ್ತಕ ಹುಡುಕಿ ಮೂರು ತಂದೆ. ಮೂರೂ ಅಮೆರಿಕದವು, ಇಂಗ್ಲಿಷಿನಲ್ಲಿವೆ. ರಾತ್ರಿ ಊಟ ಆದಮೇಲೆ ಚಾಪೆ ಹಾಸಿಕೊಂಡು, ಚಿತ್ರ ತೋರಿಸುತ್ತಾ ಕಥೆಯನ್ನು ಕನ್ನಡದಲ್ಲೇ ಹೇಳಿದೆ. ಒಂದು ತಿಂಗಳು ಹೀಗೇ ನಡೆಯಿತು. ಮಕ್ಕಳು ನಗಬೇಕು, ನಕ್ಕಮೇಲೆ ತಮ್ಮ ಶಾಲೆ ವಿಷಯ ತಾವೇ ಹೇಳಬೇಕು. ನಾನು ನೋಡಿದ್ದು ಇದನ್ನೇ.

ನಗುವಿನ ಲೆಕ್ಕದಲ್ಲಿ ಡೇವಿಡ್ ಶ್ಯಾನನ್ ಅವರ 'ಡೇವಿಡ್ ಗೋಸ್ ಟು ಸ್ಕೂಲ್' ಮುಂದೆ. 1999ರ ಪುಸ್ತಕ. ಇದರಲ್ಲಿ ಓದೋಕೆ ಹೆಚ್ಚೇನೂ ಇಲ್ಲ. ಪುಟಕ್ಕೊಂದು ಬೈಗುಳ, ಅಷ್ಟೇ. ಕೂತ್ಕೋ ಡೇವಿಡ್, ಕೈ ಎತ್ತು ಡೇವಿಡ್, ಯಾರು ಶುರು ಮಾಡಿದ್ರೂ ನನಗೆ ಬೇಕಾಗಿಲ್ಲ! ಕನ್ನಡಕ್ಕೆ ತರೋಕೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ, ನಮ್ಮ ಶಾಲೆಗಳಲ್ಲೂ ಇದೇ ಮಾತು ಅಲ್ವಾ. ಮೂರೇ ದಿನಕ್ಕೆ ಮಗ ಪುಟ ತಿರುವುತ್ತಾ ಇಡೀ ಪುಸ್ತಕ ಒಪ್ಪಿಸಿದ. ಆದರೆ ಇಬ್ಬರೂ ಅಲ್ಲೇ ನಿಂತುಬಿಟ್ಟರು. ಮಗಳು ಕೈಯಲ್ಲಿ ಸ್ಕೇಲ್ ಹಿಡಿದು ಟೀಚರ್ ಆದಳು, ತಮ್ಮ ಡೇವಿಡ್ ಆದ. ಆಟ ಜೋರಾಗಿತ್ತು, ತಮ್ಮ ಶಾಲೆಯ ಸುದ್ದಿ ಒಂದೂ ಬರಲಿಲ್ಲ. ಇದು ಲೈಬ್ರರಿಯಲ್ಲಿ ಸಿಕ್ಕರೆ ತನ್ನಿ, ಕೊಳ್ಳಲೇಬೇಕು ಅಂತ ನಾನು ಹೇಳುವುದಿಲ್ಲ.

ರಯಾನ್ ಹಿಗ್ಗಿನ್ಸ್ ಅವರ 'ವೀ ಡೋಂಟ್ ಈಟ್ ಅವರ್ ಕ್ಲಾಸ್‌ಮೇಟ್ಸ್' 2018ರದು. ಪೆನೆಲೊಪಿ ಅನ್ನೋ ಪುಟ್ಟ ಡೈನೋಸಾರ್‌ಗೆ ಶಾಲೆಯ ಮೊದಲ ದಿನ. ಅಪ್ಪ ಊಟಕ್ಕೆ 300 ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ಕಟ್ಟಿಕೊಟ್ಟಿದ್ದಾನೆ. ಕ್ಲಾಸಿಗೆ ಹೋದರೆ ಅಲ್ಲಿರೋರೆಲ್ಲ ಮನುಷ್ಯರ ಮಕ್ಕಳು! ಮಕ್ಕಳು ಅಂದ್ರೆ ಬಹಳ ರುಚಿ. ಎಲ್ಲರನ್ನೂ ಗುಳುಂ ಮಾಡುತ್ತಾಳೆ. ಟೀಚರ್ ಬೈದಮೇಲೆ ಉಗುಳುತ್ತಾಳೆ. ಮೈಯೆಲ್ಲ ಜೊಲ್ಲು ಸುರಿಯುತ್ತಾ ನಿಂತ ಮಕ್ಕಳ ಚಿತ್ರ ಬಂದಾಗ ಮಗ ಚಾಪೆ ಮೇಲೆ ಹೊರಳಾಡಿ ನಕ್ಕ. "ಉಗಿ, ಈಗಲೇ ಉಗಿ!" ಅನ್ನೋದು ಆಮೇಲೆ ಮನೆಮಾತಾಯಿತು.

ಆದರೆ ಈ ಪುಸ್ತಕದ ಜೀವ ಇರೋದು ವಾಲ್ಟರ್ ಹತ್ತಿರ. ಅವನು ಕ್ಲಾಸಿನ ಗೋಲ್ಡ್‌ಫಿಶ್. ಯಾರೂ ಸ್ನೇಹಕ್ಕೆ ಬರದೆ ಬೇಜಾರಾದ ಪೆನೆಲೊಪಿ ಅವನ ಗಾಜಿನ ಬಟ್ಟಲಿಗೆ ಬೆರಳು ಹಾಕಿದಾಗ ಕಚಕ್ ಅಂತ ಕಚ್ಚುತ್ತಾನೆ. ಇನ್ನೊಬ್ಬರ ಬಾಯಿಗೆ ತುತ್ತಾಗೋದು ಹೇಗಿರುತ್ತೆ ಅಂತ ಅವಳಿಗೆ ಆಗ ಗೊತ್ತಾಗುತ್ತದೆ. ಆ ಪುಟದಲ್ಲಿ ಮಗ ಪ್ರತಿಸಲ ಸುಮ್ಮನಾಗುತ್ತಿದ್ದ. ಐದನೆಯದೋ ಆರನೆಯದೋ ರಾತ್ರಿ, ಮೀನಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ತೋಳು ಮೇಲೆತ್ತಿ ತೋರಿಸಿದ. "ನಂಗೂ ಕಚ್ತಾನೆ. ಪಕ್ಕ ಕೂರೋನು." ಬೆಳಗಿನ ಅಳುವಿಗೆ ಕಾರಣ ಸಿಕ್ಕಿತು. ಮಾರನೇ ದಿನ ಟೀಚರ್ ಹತ್ತಿರ ಮಾತಾಡಿ ಜಾಗ ಬದಲಿಸಿದೆವು. ಎಲ್‌ಕೆಜಿ, ಯುಕೆಜಿ ಮಕ್ಕಳಿದ್ದರೆ ದುಡ್ಡು ಕೊಟ್ಟು ತರಬೇಕಾದ್ದು ಇದನ್ನೇ.

ಮಗಳು ಇದನ್ನೂ ನೋಡಿ ನಕ್ಕಳು. ಅವಳ ಪುಸ್ತಕ ಮಾತ್ರ ಬೇರೆ: ಹ್ಯಾರಿ ಅಲಾರ್ಡ್ ಬರೆದು, ಜೇಮ್ಸ್ ಮಾರ್ಷಲ್ ಚಿತ್ರ ಬರೆದ 'ಮಿಸ್ ನೆಲ್ಸನ್ ಈಸ್ ಮಿಸ್ಸಿಂಗ್'. 1977ರದು, ಮೂರರಲ್ಲಿ ಹಳೆಯದು. ಓದೋದು ಜಾಸ್ತಿ ಇದೆ, ತಮ್ಮ ನಡುವೆಯೇ ಎದ್ದು ಹೋಗುತ್ತಿದ್ದ. 207ನೇ ಕೋಣೆಯ ಮಕ್ಕಳು ಭಾರೀ ತರಲೆ. ಕಾಗದದ ಉಂಡೆ ಮಾಡಿ ಸೂರಿಗೆ ಅಂಟಿಸುತ್ತಾರೆ, ಕಥೆ ಹೇಳುವಾಗಲೂ ಗಲಾಟೆ. ಒಂದು ಬೆಳಗ್ಗೆ ಸಾಧು ಸ್ವಭಾವದ ಮಿಸ್ ನೆಲ್ಸನ್ ಬರುವುದಿಲ್ಲ. ಕಪ್ಪು ಬಟ್ಟೆ ತೊಟ್ಟ ವಯೋಲಾ ಸ್ವಾಂಪ್ ಬರುತ್ತಾಳೆ. ಕಥೆ ಬಂದ್, ರಾಶಿ ಹೋಮ್‌ವರ್ಕ್. ಮಿಸ್ಸನ್ನು ಶಾರ್ಕ್ ತಿಂದಿತಾ, ಮಂಗಳ ಗ್ರಹಕ್ಕೆ ಹೋದರಾ ಅಂತ ಮಕ್ಕಳು ಒದ್ದಾಡುತ್ತಾರೆ.

ಗುಟ್ಟನ್ನು ಪುಸ್ತಕ ಬಾಯಿಬಿಟ್ಟು ಹೇಳುವುದೇ ಇಲ್ಲ. ಕೊನೆಗೆ ಮಿಸ್ ನೆಲ್ಸನ್ ಮನೆಯ ಕಪಾಟಿನಲ್ಲಿ ಒಂದು ಕಪ್ಪು ಬಟ್ಟೆ ನೇತಾಡುತ್ತದೆ, ಅಷ್ಟೇ. ನಾನೂ ಹೇಳಲಿಲ್ಲ. ಹೇಳಬೇಡಿ, ದಯವಿಟ್ಟು. ಮೂರನೇ ರಾತ್ರಿ ಮಗಳು ಪುಸ್ತಕ ಕಿತ್ತುಕೊಂಡು ಹಿಂದಿನ ಪುಟಗಳಿಗೆ ಹೋದಳು, ಆ ಬಟ್ಟೆ ನೋಡಿದಳು, ಮತ್ತೆ ಮುಂದೆ ಬಂದಳು. "ಅಮ್ಮಾ, ಇಬ್ರೂ ಒಬ್ರೇ!" ಅಂತ ಕಿರುಚಿದಳು.

ಸ್ವಲ್ಪ ಹೊತ್ತಾದಮೇಲೆ ದೀಪ ಆರಿಸಿದೆ. ಕತ್ತಲಲ್ಲಿ ಅವಳ ದನಿ ಬಂತು. "ನಮ್ ಮಿಸ್ಸೂ ಬರ್ತಾ ಇಲ್ಲ. ಬೇರೆಯವ್ರು ಬರ್ತಾರೆ. ನಾವು ಗಲಾಟೆ ಮಾಡಿದ್ವಲ್ಲ, ಅದಕ್ಕಾ?" ಎರಡು ವಾರದಿಂದ ಇದನ್ನು ಒಳಗೇ ಇಟ್ಟುಕೊಂಡಿದ್ದಳು. ವಿಚಾರಿಸಿದರೆ ಮಿಸ್ ಹೆರಿಗೆ ರಜೆಯಲ್ಲಿದ್ದರು. ಅದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ತಕ್ಷಣ ಕೂತು ಕಾರ್ಡ್ ಮಾಡಿದಳು: ಒಂದು ತೊಟ್ಟಿಲು, ಪಕ್ಕದಲ್ಲಿ ನೇತುಹಾಕಿದ ಒಂದು ಕಪ್ಪು ಬಟ್ಟೆ.