ಮೂರು ಕಡೆ ಸೇರಿದೆ, ಒಂದೇ ಬಾಕಿ ಬಿಲ್ಲು ಹಿಡಿದುಕೊಂಡು

ಎಂಟು ವರ್ಷದಿಂದ ಬರೆದೇ ಬದುಕುತ್ತಿದ್ದೇನೆ. ತಿಂಗಳ ಸಂಬಳ ಇಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ, ಡಬ್ಬಿಂಗ್‌ಗೆ ಸಂಭಾಷಣೆ, ಆಗೊಮ್ಮೆ ಈಗೊಮ್ಮೆ ಪತ್ರಿಕೆಗೆ ಲೇಖನ, ಯಾರದ್ದಾದರೂ ಸ್ಮರಣ ಸಂಚಿಕೆಯ ಕರಡು ತಿದ್ದುವುದು, ಹೀಗೆ. ಮನೆ ಮೈಸೂರಿನಲ್ಲಿ. ಆಫೀಸು ಅಂದರೆ ಊಟದ ಮೇಜಿನ ಒಂದು ಮೂಲೆ.

ಬರೆಯುವುದು ಹೇಗೋ ನಡೆಯುತ್ತದೆ. ರೇಟು ಮಾತಾಡುವಾಗ ಮಾತ್ರ ನಾಲಿಗೆ ಒಣಗುತ್ತದೆ. ಜಾಸ್ತಿ ಕೇಳಿದೆನಾ, ಕಮ್ಮಿ ಕೇಳಿದೆನಾ ಅಂತ ಹೇಳುವವರು ಪಕ್ಕದಲ್ಲಿ ಯಾರೂ ಇರುವುದಿಲ್ಲ. "ಯಾವುದಾದರೂ ಸಂಘ ಸೇರ್ಕೊಳ್ರೀ" ಅಂತ ಸಿಕ್ಕವರೆಲ್ಲ ಹೇಳಿದರು. ಸೇರಿದೆ. ಒಂದಲ್ಲ, ಮೂರು. ಇನ್ನೆರಡರ ಬಾಗಿಲ ತನಕ ಹೋಗಿ ಬಂದೆ.

ಮೊದಲು ಆ ಎರಡನ್ನು ಮುಗಿಸಿಬಿಡುತ್ತೇನೆ. ಪತ್ರಕರ್ತರ ಸಂಘ ನನಗೆ ಹೊಂದುವುದಿಲ್ಲ ಅನ್ನಿಸಿತು. ಕಾರ್ಯನಿರತ ಪತ್ರಕರ್ತ ಅನ್ನುವ ಮಾತಿಗೆ 1955ರ ಕಾಯ್ದೆ ಕೊಟ್ಟ ಅರ್ಥದಲ್ಲೇ, ಪತ್ರಿಕಾ ಸಂಸ್ಥೆಯಲ್ಲಿ ಕೆಲಸಕ್ಕಿರಬೇಕು ಅಂತಿತ್ತು. ಎರಡು ತಿಂಗಳಿಗೊಂದು ಲೇಖನ ಬರೆಯುವವನು ಅಲ್ಲಿ ಹೋಗಿ ಕೂರುವುದು ಸರಿಯಲ್ಲ. ಇನ್ನೊಂದು, ಆನ್‌ಲೈನಿನಲ್ಲಿ ಸಿಕ್ಕ ಒಂದು 'ಬರಹಗಾರರ ಜಾಲ'. ಹೆಸರು ಬೇಡ ಬಿಡಿ. 2,500 ರೂಪಾಯಿ ಕಟ್ಟಿದ್ದಕ್ಕೆ ಒಂದು ಸರ್ಟಿಫಿಕೇಟು ಬಂತು, ಅದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ತಿದ್ದಿಕೊಡಿ ಅಂತ ಬರೆದ ಮೇಲ್‌ಗೆ ಇವತ್ತಿನವರೆಗೂ ಉತ್ತರ ಇಲ್ಲ. ಕರ್ನಾಟಕ ಲೇಖಕಿಯರ ಸಂಘ 1979ರಿಂದ ಇದೆ, ಆದರೆ ನಾನು ಗಂಡಸು. ಹಾಗಾಗಿ ಉಳಿದಿದ್ದು ಮೂರು: ಕನ್ನಡ ಸಾಹಿತ್ಯ ಪರಿಷತ್ತು, ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್, ಮತ್ತು ಹೆಸರೇ ಇಲ್ಲದ ನಮ್ಮ ಎಂಟು ಜನರ ಕೂಟ.

ಇವು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಅಂತ ಗೊತ್ತು. ಆದರೂ ತೂಗಲು ನನ್ನ ಹತ್ತಿರ ಒಂದು ಕಲ್ಲು ಇತ್ತು. ಒಂದು ಬಾಕಿ ಬಿಲ್ಲು.

ಕಥೆ ಇಷ್ಟು. ಬೆಂಗಳೂರಿನ ಒಂದು ಅನುವಾದ ಏಜೆನ್ಸಿಗೆ ಒಂದು ಆ್ಯಪ್‌ನ ಸಹಾಯ ಪುಟಗಳನ್ನೆಲ್ಲ ಕನ್ನಡ ಮಾಡಿಕೊಟ್ಟೆ. ಇಂಗ್ಲಿಷಿನಲ್ಲಿ 48,000 ಪದ, ಪದಕ್ಕೆ 80 ಪೈಸೆ, ಒಟ್ಟು 38,400 ರೂಪಾಯಿ. ಕೆಲಸ ಮುಗಿದ ಮೇಲೆ ಅವರು ಹೊಸ ರಾಗ ತೆಗೆದರು. ಕನ್ನಡದಲ್ಲಿ ಎಣಿಸಿದರೆ 35,000 ಪದವೇ ಇದೆ, ಅದಕ್ಕೆ 28,000 ಕೊಡ್ತೀವಿ, ಅಂತ. ಈ ಕಸುಬಿನವರಿಗೆ ಇದರ ಕಿತಾಪತಿ ತಕ್ಷಣ ಗೊತ್ತಾಗುತ್ತದೆ. 'ಯು ವಿಲ್ ಹ್ಯಾವ್ ಟು ಲಾಗ್ ಇನ್ ಅಗೇನ್' ಅನ್ನುವುದು ಏಳು ಪದ. 'ಮತ್ತೆ ಲಾಗಿನ್ ಆಗಬೇಕಾಗುತ್ತದೆ' ಅಂದರೆ ಮೂರೇ ಮುಗಿಯಿತು. 'ಆಗಬೇಕಾಗುತ್ತದೆ' ಅನ್ನುವ ಒಂದು ಪದದ ಹೊಟ್ಟೆಯಲ್ಲಿ ಇಂಗ್ಲಿಷಿನ ಮೂರು ಪದ ಕೂತಿವೆ. ಕನ್ನಡ ಹೀಗೆ ಅಂಟಿಸಿಕೊಂಡು ಹೋಗುವ ಭಾಷೆ, ಅದಕ್ಕೆ ದಂಡ ಕಟ್ಟಬೇಕಾದವನು ನಾನಾ? ಏಳು ತಿಂಗಳು ಫೋನು, ಮೇಲು, ಮತ್ತೆ ಫೋನು. 28,000ವೂ ಬರಲಿಲ್ಲ.

ಈಗ ಪರಿಷತ್ತು. 1915ರ ಮೇ 5ರಂದು ಶುರುವಾದದ್ದು, ಎಚ್.ವಿ. ನಂಜುಂಡಯ್ಯ ಮೊದಲ ಅಧ್ಯಕ್ಷರು, ಚಾಮರಾಜಪೇಟೆಯ ಕಟ್ಟಡ ನಿಮಗೆ ಗೊತ್ತೇ ಇದೆ. ಸದಸ್ಯನಾಗಲು ಪುಸ್ತಕ ಬರೆದಿರಬೇಕಾಗಿಲ್ಲ. ಹಾಗಾಗಿ ಇದು ಬರಹಗಾರರ ಸಂಘ ಅನ್ನುವುದಕ್ಕಿಂತ ಕನ್ನಡದವರ ಸಂಘ. ನಾನು ಆಜೀವ ಸದಸ್ಯನಾದೆ, ಒಂದೇ ಸಲ ಕಟ್ಟಿದರೆ ಆಯಿತು. ಮೊದಲ ಎರಡು ವರ್ಷ ನನಗೆ ಸಿಕ್ಕಿದ್ದು ಬರೀ ಆಹ್ವಾನ ಪತ್ರಿಕೆಗಳು. ತಪ್ಪು ನನ್ನದೇ. ಒಂದಕ್ಕೂ ಹೋಗಿರಲಿಲ್ಲ.

ಮೂರನೇ ವರ್ಷ ಪರಿಚಯದ ಮೇಷ್ಟ್ರೊಬ್ಬರು "ಒಂದು ದತ್ತಿ ಉಪನ್ಯಾಸ ಇದೆ, ಸ್ವಲ್ಪ ಓಡಾಡಿ ಬನ್ನಿ" ಅಂತ ಕರೆದರು. ದತ್ತಿ ಅಂದರೆ, ಯಾರೋ ತಂದೆತಾಯಿಯ ನೆನಪಿಗೆ ಒಂದಿಷ್ಟು ಹಣ ಇಟ್ಟಿರುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ನನ್ನ ಪಾಲಿಗೆ ಬಂದ ಕೆಲಸ: ಕಾಲೇಜಿನ ಪ್ರಿನ್ಸಿಪಾಲರಿಗೆ ಪತ್ರ, ಮೈಕಿನವನಿಗೆ ಮುಂಗಡ, ಶಾಲು, ಹಣ್ಣಿನ ಬುಟ್ಟಿ, ಭಾಷಣಕಾರರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು. ಅರವತ್ತು ಪ್ಲಾಸ್ಟಿಕ್ ಕುರ್ಚಿ ನಾನೇ ಹಾಕಿದೆ. ದತ್ತಿ ಇಟ್ಟವರ ಮಗಳು ಮೊದಲ ಸಾಲಿನಲ್ಲಿ ಕೂತು, ಅಪ್ಪನ ಹೆಸರು ಮೈಕಿನಲ್ಲಿ ಬಂದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವತ್ತು ನನಗೆ ಒಂದು ಪೈಸೆ ಬರಲಿಲ್ಲ. ಆದರೆ ಭಾಷಣಕಾರರು ವಾಪಸ್ ಬಸ್ಸಿಗೆ ಕಾಯುವಾಗ ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಎರಡು ತಿಂಗಳಾದ ಮೇಲೆ ಒಂದು ಅಭಿನಂದನ ಗ್ರಂಥದ ಕರಡು ತಿದ್ದಲು ಕರೆದರು. 412 ಪುಟ. ಆ ವರ್ಷ ನನಗೆ ಸಿಕ್ಕ ಅತಿ ದೊಡ್ಡ ಕೆಲಸ ಅದೇ.

ಇಲ್ಲಿ ನಾನು ಕಂಡುಕೊಂಡದ್ದು ಇದು: ಚಂದಾ ಕಟ್ಟಿದವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಕುರ್ಚಿ ಹಾಕಿದವನನ್ನು ಇಟ್ಟುಕೊಳ್ಳುತ್ತಾರೆ.

ಬಾಕಿ ಬಿಲ್ಲಿನ ಮಾತು? ಇನ್ನೊಂದು ಕಾರ್ಯಕ್ರಮ ಮುಗಿದು ಉಪ್ಪಿಟ್ಟು ತಿನ್ನುವಾಗ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ನಕ್ಕರು. "ನಮ್ಮ ಕಾಲದಲ್ಲಿ ಬರೆದಿದ್ದಕ್ಕೆ ದುಡ್ಡು ಕೇಳಿದ್ರೆ ನಮ್ಮನ್ನೇ ಒಂಥರಾ ನೋಡೋರು ಕಣಯ್ಯಾ" ಅಂದರು. ಬೇಜಾರಾಗಲಿಲ್ಲ. ಪರಿಷತ್ತು ಇರುವುದು ಭಾಷೆಗೋಸ್ಕರ. ಸಮ್ಮೇಳನ, ಪುಸ್ತಕ, ಕಾವ-ಜಾಣ-ರತ್ನ ಅನ್ನುವ ಕನ್ನಡ ಪರೀಕ್ಷೆಗಳು ಅದರ ಕೆಲಸ. ನನ್ನ 38,400 ವಸೂಲಿ ಮಾಡುವುದು ಅದರ ಕೆಲಸ ಅಂತ ಯಾರೂ ಹೇಳಿಯೇ ಇಲ್ಲ.

ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ದು ಬೇರೆಯೇ ಜಾತಕ. ಇದು ಕಾರ್ಮಿಕ ಸಂಘ, ಕಾಯ್ದೆಯ ಪ್ರಕಾರವೇ. ಮೊದಲು ಫಿಲ್ಮ್ ರೈಟರ್ಸ್ ಅಸೋಸಿಯೇಷನ್ ಅಂತಿತ್ತು. ಕಚೇರಿ ಮುಂಬೈನ ಅಂಧೇರಿಯಲ್ಲಿ. ಡಬ್ಬಿಂಗ್ ಕೆಲಸ ಮಾಡುತ್ತ ಮಾಡುತ್ತ ನನಗೂ ಒಂದು ವೆಬ್ ಸರಣಿಯ ಕಥೆ ಹೊಳೆದಿತ್ತು, ಅದಕ್ಕೋಸ್ಕರ ಸೇರಿದೆ. (ಡಬ್ಬಿಂಗ್ ಅಂದಾಗ ಹೇಳಲೇಬೇಕು. ಕನ್ನಡದಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನಕ್ಕೆ ತೆರೆಯಿತು. ಡಬ್ಬಿಂಗ್ ಬೇಕಾ ಬೇಡವಾ ಅನ್ನುವ ಜಗಳ ಏನೇ ಇರಲಿ, ನನ್ನಂಥವರ ಮನೆ ಬಾಡಿಗೆ ಅದರಿಂದ ನಡೆಯುತ್ತಿದೆ. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ಪ, ಬ, ಮ ಬರುವ ಕನ್ನಡ ಪದ ಹುಡುಕುತ್ತ ರಾತ್ರಿ ಎರಡು ಗಂಟೆ ಮಾಡಿಕೊಂಡವರಿಗೆ ಮಾತ್ರ ಆ ಕೆಲಸದ ಬೆಲೆ ಗೊತ್ತು.)

ಅಲ್ಲಿ ಕಥೆಯನ್ನು ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಪಿಡಿಎಫ್ ಹಾಕಿ, ದುಡ್ಡು ಕಟ್ಟಿದರೆ ಆಯಿತು. ನನ್ನ 14 ಪುಟ ಒಂದೇ ಸಂಜೆಯಲ್ಲಿ ಮುಗಿಯಿತು. ಇಲ್ಲೊಂದು ಗೊಂದಲ ಎಲ್ಲರಿಗೂ ಇದೆ. ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ, ಹಕ್ಕು ನೀವು ಬರೆದ ಕ್ಷಣದಲ್ಲೇ ಹುಟ್ಟಿರುತ್ತದೆ. ನೋಂದಣಿ ಇಂಥ ದಿನ ಇದು ನನ್ನ ಹತ್ತಿರ ಇತ್ತು ಅನ್ನುವುದಕ್ಕೆ ಸಾಕ್ಷಿ, ಅಷ್ಟೇ.

ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಅವರ ಮಾದರಿ ಕರಾರು. ಅದನ್ನು ಓದುತ್ತ ಕುತೂಹಲ ಹುಟ್ಟಿ ಕೃತಿಸ್ವಾಮ್ಯ ಕಾಯ್ದೆಯನ್ನೇ ತೆಗೆದು ಕೂತೆ. 1957ರ ಆ ಕಾಯ್ದೆಯ 19ನೇ ಕಲಮಿನಲ್ಲಿ ಎಷ್ಟು ಒಳ್ಳೆಯ ಮಾತಿದೆ ನೋಡಿ. ಹಕ್ಕು ಬರೆದುಕೊಡಬೇಕಾದರೆ ಲಿಖಿತದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಊರಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಷ್ಟು ವರ್ಷ ನಾನು ಸಹಿ ಹಾಕಿದ ಕಾಗದಗಳಲ್ಲಿ 'ಜಗತ್ತಿನಾದ್ಯಂತ, ಶಾಶ್ವತವಾಗಿ' ಅಂತ ಯಾಕೆ ಇರುತ್ತಿತ್ತು ಅಂತ ಅವತ್ತು ಅರ್ಥವಾಯಿತು.

ತೊಡಗಿಕೊಳ್ಳುವ ವಿಷಯದಲ್ಲಿ ಮಾತ್ರ ನಾನಿಲ್ಲಿ ಸೋತೆ. ಆನ್‌ಲೈನ್ ಗೋಷ್ಠಿಗಳಲ್ಲಿ ಕೂತಿದ್ದೇನೆ, ಮಾತೆಲ್ಲ ಹಿಂದಿ, ಇಂಗ್ಲಿಷು. ಮೈಸೂರಿನಿಂದ ಅಂಧೇರಿಗೆ ಹೋಗಿ ಕುರ್ಚಿ ಹಾಕಲು ಆಗುತ್ತಾ? ಬರಹಗಾರ ಮತ್ತು ನಿರ್ಮಾಪಕರ ಜಗಳಕ್ಕೆ ಅವರಲ್ಲಿ ಒಂದು ಸಮಿತಿಯೇ ಇದೆ. ಆದರೆ ಅದು ಸಿನಿಮಾ, ಟೀವಿ, ವೆಬ್ ಕೆಲಸದವರಿಗೆ. ಆ್ಯಪ್ ಅನುವಾದದ ಬಿಲ್ಲು ಹಿಡಿದುಕೊಂಡು ಅಲ್ಲಿಗೆ ಹೋಗುವುದು, ಕಣ್ಣಿನ ಡಾಕ್ಟರ ಹತ್ತಿರ ಹಲ್ಲುನೋವು ಹೇಳಿದ ಹಾಗೆ.

ಕೊನೆಗೆ ನಮ್ಮ ಕೂಟ. ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಎಂಟೂವರೆಗೆ, ಸರಸ್ವತಿಪುರಂನ ಒಂದು ಹೋಟೆಲಿನ ಹಿಂದಿನ ಮೇಜು. ಎಂಟು ಜನ. ಇಬ್ಬರು ಅನುವಾದಕರು, ಒಬ್ಬರು ಪಠ್ಯಪುಸ್ತಕ ಬರೆಯುವವರು, ಜಾಹೀರಾತಿನ ಹುಡುಗಿ ಒಬ್ಬಳು, ಹೀಗೆ. ನೋಂದಣಿ ಇಲ್ಲ, ಬೈಲಾ ಇಲ್ಲ. ಚಂದಾ ಅಂದರೆ ಅವತ್ತಿನ ಇಡ್ಲಿ ವಡೆಯ ಪಾಲು.

ಎರಡನೇ ಸಲ ಸೇರಿದಾಗ ಪಠ್ಯಪುಸ್ತಕದ ಮೇಡಂ ಒಂದು ಆಟ ಆಡಿಸಿದರು. ಹೋಟೆಲಿನ ಬಿಲ್ ಪುಸ್ತಕದ ಹಾಳೆ ಇಸಿದುಕೊಂಡು ಎಂಟು ಚೀಟಿ ಮಾಡಿದರು. "ಕಳೆದ ತಿಂಗಳು ಪದಕ್ಕೆ ಎಷ್ಟು ತಗೊಂಡ್ರಿ, ಬರೀರಿ, ಹೆಸರು ಬೇಡ" ಅಂದರು. ಚೀಟಿಗಳನ್ನು ಖಾಲಿ ಲೋಟಕ್ಕೆ ಹಾಕಿ ಒಂದೊಂದೇ ತೆಗೆದು ಓದಿದರು. 60 ಪೈಸೆ. 2 ರೂಪಾಯಿ. 80 ಪೈಸೆ, ಅದು ನಂದು. 1 ರೂಪಾಯಿ 50. 2 ರೂಪಾಯಿ 50. ಮೇಜಿನ ಸುತ್ತ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಾಂಬಾರು ಆರಿಹೋಯಿತು. ನಾನು ಎಂಟು ವರ್ಷದಲ್ಲಿ ಕಲಿಯದ್ದನ್ನು ಆ ಲೋಟ ಐದು ನಿಮಿಷದಲ್ಲಿ ಕಲಿಸಿತು. ಮುಂದಿನ ಕೆಲಸಕ್ಕೆ 1 ರೂಪಾಯಿ 40 ಪೈಸೆ ಕೇಳಿದೆ. ಆ ಕಡೆಯವರು "ಓಕೆ ಸರ್" ಅಂದುಬಿಟ್ಟರು, ಒಂದು ಸಲವೂ ಚೌಕಾಶಿ ಮಾಡದೆ. ಹೊಟ್ಟೆ ಉರಿಯಿತು, ಹಿಂದಿನದನ್ನೆಲ್ಲ ನೆನೆದು.

ಬಿಲ್ಲಿನ ಕಥೆ ಇಲ್ಲೇ ಬಗೆಹರಿಯಿತು. "ಮೊದಲು ವರ್ಕ್ ಆರ್ಡರ್ ಮೇಲ್ ತೆಗೀರಿ" ಅಂದಳು ಜಾಹೀರಾತಿನ ಹುಡುಗಿ. ನನ್ನ ಫೋನು ಕೈಯಿಂದ ಕೈಗೆ ಹೋಯಿತು. ಆ ಮೇಲ್‌ಗೆ ಅಂಟಿಸಿದ್ದ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಇತ್ತು, ಮೂಲ ಪದಗಳ ಸಂಖ್ಯೆ, ಕೆಳಗೆ 48,000. ಏಳು ತಿಂಗಳು ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಅಲ್ಲೇ ಕೂತು ನಾಲ್ಕು ಸಾಲಿನ ಪತ್ರ ಬರೆದೆವು. ಬೈಗುಳ ಇಲ್ಲ, ಅಳು ಇಲ್ಲ, ಶೀಟಿನ ಚಿತ್ರ ಮಾತ್ರ. ಇಪ್ಪತ್ತು ದಿನಕ್ಕೆ ಪೂರ್ತಿ ಹಣ ಬಂತು.

ಅವತ್ತೇ ಉದ್ಯಮ್ ನೋಂದಣಿಯ ಮಾತೂ ಬಂತು. ನಾವು ಸಂಘ ಸಂಘ ಅಂತ ಓಡಾಡುವಾಗ ಇದನ್ನು ಮರೆತುಬಿಡುತ್ತೇವೆ. ಒಬ್ಬನೇ ಕೂತು ಸೇವೆ ಕೊಡುವವನೂ ಕಿರು ಉದ್ಯಮ ಅಂತ ನೋಂದಾಯಿಸಿಕೊಳ್ಳಬಹುದು, ಸರ್ಕಾರದ ತಾಣದಲ್ಲಿ ಪುಕ್ಕಟೆ. ಆಮೇಲೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ 2006ರ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ. ಕರಾರು ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಹಳೇ ಬಿಲ್ಲಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ, ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಂಡಿರಿ. ಈಗ ನನ್ನ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇರುತ್ತದೆ. ಕಂಪನಿಗಳ ಅಕೌಂಟೆಂಟುಗಳು ಅದನ್ನು ನೋಡುತ್ತಾರೆ. ಅವಧಿ ಮೀರಿದ ಬಾಕಿಯನ್ನು ಹಣ ಕೊಡುವ ತನಕ ಖರ್ಚು ಅಂತ ತೋರಿಸುವಂತಿಲ್ಲ ಅನ್ನುವ ತೆರಿಗೆ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆಯಲ್ಲ, ಅದಕ್ಕೆ.

ಹಾಗಂತ ಕೂಟವೇ ಸಾಕು ಅಂತ ಹೇಳಲಾರೆ. ಇಬ್ಬರು ಮುನಿಸಿಕೊಂಡರೆ ಕಾಲು ಭಾಗ ಖಾಲಿ. ಕಳೆದ ಮಳೆಗಾಲದಲ್ಲಿ ಮೂರು ತಿಂಗಳು ಸೇರಲೇ ಇಲ್ಲ, ಯಾಕಂದರೆ ಎಲ್ಲರಿಗೂ ಮೆಸೇಜು ಹಾಕುವ ಕೆಲಸ ನಂದು, ನಾನು ಹಾಕಲಿಲ್ಲ. ಕಥೆ ಬರೆದು ಸಿನಿಮಾದವರ ಹತ್ತಿರ ಹೋಗುವವರು ಮುಂಬೈ ಸಂಘವನ್ನು ಬಿಡಬೇಡಿ, ನಾನೂ ಬಿಟ್ಟಿಲ್ಲ. ಪರಿಷತ್ತಿಗೆ ಸೇರುವವರು ಸಂಜೆಗಳನ್ನೂ ಕೊಡುವುದಾದರೆ ಸೇರಿ.

ಈಗ ಕೂಟದಲ್ಲಿ ಹೊಸ ಜಗಳ ಶುರುವಾಗಿದೆ. ಏಜೆನ್ಸಿಗಳು ಮಷಿನ್ನಿನಲ್ಲಿ ಕನ್ನಡ ಮಾಡಿಸಿ "ಸುಮ್ನೆ ಒಂದು ಸಲ ನೋಡಿಕೊಡಿ, ಪದಕ್ಕೆ 35 ಪೈಸೆ" ಅನ್ನುತ್ತಿವೆ. ಸುಮ್ನೆ ನೋಡಲು ಕೂತರೆ ಪ್ರತಿ ಸಾಲನ್ನೂ ಒಡೆದು ಕಟ್ಟಬೇಕು. ಇದಕ್ಕೆ ಪದದ ಲೆಕ್ಕವೇ ಬೇಡ, ಗಂಟೆಗೆ ಇಷ್ಟು ಅಂತ ಕೇಳೋಣ ಅಂತ ಐವರು. ಗಂಟೆ ಲೆಕ್ಕವನ್ನು ಯಾರು ನಂಬ್ತಾರೆ ಅಂತ ಮೂವರು, ಅದರಲ್ಲಿ ನಾನೂ ಒಬ್ಬ. ಬರುವ ಭಾನುವಾರ ಮತ್ತೆ ಚೀಟಿ ಹಾಕುತ್ತೇವೆ. ಲೋಟ ತೊಳೆದಿಡಲು ಹೋಟೆಲಿನವರಿಗೆ ಹೇಳಿದ್ದೇನೆ.